ಎಡಗಣ್ಣಿನ ಮ್ಯಾಲೆ

ಹೊಸಾ ಟೋಪಿ ಅಂದರ ಹಂಚಿನ ಮ್ಯಾಲೆ ಉಬ್ಬಿದ ರೊಟ್ಟಿ.
ಹಾಂಗ ತಲಿ ಮ್ಯಾಲೆ ಹೊತಗೊಂಡು ಬರತಾವ ಹುಡುಗರು
ರವಿವಾರ, ಸೆಂಟರಿನಿಂದ ಔಟ್‌ಪಾಸ್ ಇಸಗೊಂಡು,
ಕ್ಯಾಂಪಿನಾಗ ನನ್ನ ಎರಡು ಕುರ್ಚಿ ಅಂಗಡಿಗೆ.
ಕಟಿಂಗಿಗೆ ಅರವತ್ತು. ಟೋಪಿಗೆ ಎಂಬತ್ತು.
ಯಾಕ ಹೆಚ್ಚು ಅಂತ ಕೇಳಿದವಗ ಹೇಳತೀನಿ:
ಕೂದಲಾ ಕೆಟ್ಟರ ಮತ್ತ ಬರತಾವೊ ತಮ್ಮಾ.

ನೀರು ಕೈ ತಾಳುವಷ್ಟ ಬಿಸಿ.
ಮುಳುಗಿಸಬೇಕು, ಹಿಂಡಬಾರದು, ಅಂಗೈಯಾಗ ಒತ್ತಬೇಕು.
ಉಣ್ಣಿ ಜುಂಗು ಎದ್ದು ನಿಂತಾಗ
ಗಡ್ಡ ಹೆರಿಯೋ ಅದ ಕತ್ತಿ, ಬ್ಲೇಡು ಹೊಸಾದು,
ಒಂದ ದಿಕ್ಕಿಗೆ, ಮಾತಾಡದ.
ಆಮ್ಯಾಲೆ ಹಸಿಹಸೀದು ತಲಿಗೆ:
ಚರ್ಮದ ಪಟ್ಟಿ ಹುಬ್ಬಿನಿಂದ ಎರಡು ಬಟ್ಟು ಮ್ಯಾಲೆ,
ಅರಿವೆಲ್ಲಾ ಬಲಗಿವಿ ಕಡೆ ಎಳದು ಇಳಿಸಿ,
ಬಿಲ್ಲೆ ಎಡಗಣ್ಣಿನ ಮ್ಯಾಲೆ,
ಹಿಂದಿನ ಲಾಡಿ ಗಂಟು ಹಾಕಿ ಯಾರಿಗೂ ಕಾಣದಂಗ ಒಳಗ.
ಇನ್ನ ಕೂಡು. ತಲಿ ಮ್ಯಾಲೇ ಒಣಗಬೇಕು ಅದು.

ಆಷಾಢದಾಗ ಬೆಳಗಾವಿಯೊಳಗ ಒಣಗೂದೇನು?
ಬೆಂಚಿನ ಮ್ಯಾಲೆ ಆರು ಮಂದಿ ಬೆನ್ನು ನೆಟ್ಟಗ ಮಾಡಿ
ಚಹಾ ಕುಡೀತಾವ, ಕಿವಿ ಹಿಂದ ಹಸರು ನೀರು ಇಳೀತದ.
ಒಬ್ಬಾಂವ ಕೂತಲ್ಲೇ ನಿದ್ದಿ.
ಇನ್ನೊಬ್ಬ ಅವ್ವಗ ಫೋನ್ ಹಚ್ಚಿ
ನೆಗಡಿ ಇಲ್ಲ ಅಂತಾನ, ಸೀನತಾನ.

ಹವಾಲ್ದಾರ ಭರಮಾ ಮುಚ್ಚಂಡಿಕರ ಬರೂದು ಮಾತ್ರ ಫೆಬ್ರುವರಿಗೆ,
ಪಲ್ಟನ್ ದಿನದ ಹಿಂದಿನ ಸಂಜಿ.
ಪೆನ್ಶನ್ ಆಗಿ ಇಪ್ಪತ್ತಾರು ವರ್ಷ.
ಬಿಸ್ಕೀಟಿನ ಡಬ್ಬಿ, ಬೇವಿನ ಎಲಿ, ನಡುವ ಟೋಪಿ:
ಹಸರು ಹೋಗಿ ಕಪ್ಪಿಗೆ ಹತ್ತರ ಬಂದದ,
ತುರಾಯಿ ಇನ್ನೂ ಜಗಳಾಡತದ, ಅರ್ಧ ಕೆಂಪು ಅರ್ಧ ಹಸರು.
ನನ್ನ ಮುಟ್ಟಗೊಡೂದಿಲ್ಲ. ನೀರು ಕೊಡು. ಕನ್ನಡಿ ಕೊಡು.
ಆಮ್ಯಾಲೆ ಅದ ಕಥಿ:
ಪಠಾಣಕೋಟದ ಸ್ಟೇಷನ್ನು, ಗಾಳಿಗೆ ಟೋಪಿ ಸರದಿತ್ತು ಒಂದ ಬಟ್ಟು,
ಕೆಂಪು ಟೋಪಿ ಮಿಲಿಟರಿ ಪೊಲೀಸ ಬಂದಾ—
ಹೆಸರು? ನಂಬರ್? ಯುನಿಟ್?—
ಗಾಡಿ ಹೋತು. ಹುಟ್ಟಿದ ಮಗನ ಮಾರಿ ಎರಡು ದಿನ ತಡಾ.
ಇಪ್ಪತ್ತು ಸಲ ಕೇಳೀನಿ.
ಸರದ ಅಂತರ ವರ್ಷಾ ಸಣ್ಣದಾಗತದ,
ಈಗ ಅದು ಅರ್ಧ ಬಟ್ಟು.
ಬೈಗಳಾ ಮಾತ್ರ ಇದ್ದಷ್ಟ ಅದಾವ.

ಈ ವರ್ಷ ಕೈ ನಡಗತಿತ್ತು. ಸಂಗಾಟ ಒಬ್ಬ ಹುಡಗಿ.
ಅದ ಮಗನ ಮಗಳು, ಪ್ರಾಜಕ್ತಾ, ಟ್ರೇನಿಂಗ್ ಮುಗಿಸಿ ರಜಾಕ್ಕ ಬಂದಾಳ.
ಚೀಲ ಬಿಚ್ಚಿ ತಗದ್ಲು: ರೊಟ್ಟಿಯಂಗ ಉಬ್ಬಿದ್ದು,
ಕೆಂಪು.
ಭರಮಾ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಓದಾಕ ಹತ್ತಿದ.

ನಾ ಕತ್ತಿ ಹಿಡದು ನಿಂತೆ. ಮೂವತ್ತು ವರ್ಷದಾಗ
ಹೆಣಮಗಳ ತಲಿ ಮ್ಯಾಲೆ ಕೈ ಇಟ್ಟಾಂವಲ್ಲ.
ಬೋಳು ನೆತ್ತಿ ಲೆಕ್ಕ ಗೊತ್ತು, ತುರುಬಿನ ಲೆಕ್ಕ ಯಾರಿಗೆ ಗೊತ್ತು?
"ಜುಂಗು ಹೆರದು ಕೊಡ್ರಿ ಕಾಕಾ, ಸಾಕು" ಅಂದ್ಲು,
ಹಲ್ಲಾಗ ಪಿನ್ನು ಕಚಗೊಂಡು.
ತುರುಬು ಒಂದಿಷ್ಟು ಇಳಿಸಿದ್ಲು, ಪಟ್ಟಿ ಅದರ ಮ್ಯಾಲೆ ಕೂಡಿಸಿದ್ಲು,
ಎರಡು ಬಟ್ಟು ಅಳದ್ಲು, ಎಳದ್ಲು.
ಮುಂಜಾನೆ ಹುಡುಗರ ಹಸರು ಹತ್ತಿದ್ದ ಟವೆಲ್ಲಿಗೆ
ಈಗ ಕೆಂಪೂ ಹತ್ತಿತು.

ಆಮ್ಯಾಲೆ ಕನ್ನಡಿಯೊಳಗಿಂದ ಅಜ್ಜನ ನೋಡಿದ್ಲು.
"ಆಜೋಬಾ. ನಿಲ್ರಿ.
ಬಿಲ್ಲೆ ಎಡಗಣ್ಣಿನ ಮ್ಯಾಲೆ ಇಲ್ಲ."

ಅಂವ ಎದ್ದ. ಹಿಮ್ಮಡ ಕೂಡಿದುವು, ಚಪ್ಪಲಿದು ಸಪ್ಪಳ ಬರಲಿಲ್ಲ.
ಹೆಸರು?
ಭರಮಾ.
ನಂಬರ್?
ತನ್ನ ಮೊಬೈಲ್ ನಂಬರಿಗೆ ಮಂದಿನ್ನ ಕೇಳಾಂವ
ಒಂದ ಉಸಿರಿಗೆ ಹೇಳಿದ, ಬೆಂಚಿನ ಹುಡುಗರು ತಿರುಗಿ ನೋಡಿದರು.
ಯುನಿಟ್ ಕೇಳಲಿಲ್ಲಾಕಿ. ಎರಡೂ ಕೈ ಎತ್ತಿ
ಟೋಪಿ ಇಷ್ಟ ಸರಿಸಿದ್ಲು.

ಒಣಗೂ ತನಕ ಇಬ್ಬರೂ ಬಾಜೂಕ ಬಾಜೂಕ ಕೂತರು, ತಲಿ ಅಲ್ಲಾಡಿಸದ.
ಹೋಗೂವಾಗ ಭರಮಾ ನನ್ನ ಕಿವಿಯಾಗ:
"ಅರ್ಧ ಬಟ್ಟೂ ಇದ್ದಿದ್ದಿಲ್ಲ. ನೋಡಿದೆಲ್ಲ ನೀ?"
ಹುಡುಗಿ ಟೋಪಿಗೆ ಎಂಬತ್ತು ಎಣಿಸಿಟ್ಟ.
ತನ್ನ ನೀರಿಗೆ, ಯಾವಾಗಿನಂಗ, ಏನೂ ಇಲ್ಲ.