ಗೋಲಿ ಉರುಳಿದ ಕಡೆ

ಟೊಲಿಡೊ ಊರಿನ ಉತ್ತರಕ್ಕೆ, ಲಗ್ರೇಂಜ್ ಬೀದಿಯಾಚೆ,
ಎರಡು ಸಂಸಾರದ ಮನೆಯೊಂದರ ಕೆಳಗಿನ ಅಡಿಗೆಮನೆಯಲ್ಲಿ
ವರ್ನಾ ಕಚಾಲಾ ಮಂಡಿಯೂರಿ
ಕೋಟಿನ ಜೇಬಿಂದ ಗಾಜಿನ ಗೋಲಿ ತೆಗೆದು
ನೆಲದ ಮೇಲೆ ಬಿಟ್ಟಳು.

ಗೋಲಿ ಒಂದು ಕ್ಷಣ ಯೋಚಿಸಿತು.
ಆಮೇಲೆ ಈಶಾನ್ಯಕ್ಕೆ ಹೊರಟಿತು,
ಕೊಟ್ಟಿಗೆಯ ದಾರಿ ಬಲ್ಲ ಹಸುವಿನ ಹಾಗೆ,
ಒಲೆಯಡಿ ಹೊಕ್ಕು ಸುಮ್ಮನಾಯಿತು.

"ಹಳೇ ಮನೆ, ಕೊಂಚ ವಾಲಿರುತ್ತೆ," ಅಂದ ದಲ್ಲಾಳಿ ಡ್ವೇನ್.
"ತೊಂಬತ್ತೆರಡು ಸಾವಿರಕ್ಕೆ ಇನ್ನೇನು ಬೇಕು?
ಕೊಂಡುಕೊಳ್ಳಿ, ಹಿಡಿದಿಟ್ಟುಕೊಳ್ಳಿ.
ಮೂವತ್ತು ವರ್ಷ. ಮನೆ ತಾನೇ ದುಡಿಯುತ್ತೆ."

ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ತಾನೇ ದುಡಿಯುವ ಯಾವುದನ್ನೂ ಕಂಡವಳಲ್ಲ.
ರೂಟಿನ ಹಾಳೆಯ ಬೆನ್ನಿಗೆ ಪೆನ್ಸಿಲಲ್ಲಿ ಬರೆದಳು:
ಕೆಳಗಿನವರದು ಏಳುನೂರು, ಮೇಲಿನವರದು ಆರುನೂರೈವತ್ತು.
ಸಾಲದ ಕಂತಿಗೆ ಐನೂರ ನಲವತ್ತು ಹೋಯಿತು.
ತೆರಿಗೆ ಇನ್ನೂರ ಹತ್ತು, ವಿಮೆ ನೂರ ನಲವತ್ತು,
ನೀರಿಗೆ ತೊಂಬತ್ತು.
ಖಾಲಿ ಬೀಳುವ ತಿಂಗಳಿಗೆಂದು ನೂರ ಹತ್ತು,
ಯಾರೂ ಇಲ್ಲದ ಮನೆಗೂ ಹಸಿವಿರುತ್ತದೆ.
ರಿಪೇರಿಗೆ ನೂರೈವತ್ತು. ಮಾಡಿಗೆ ಎಪ್ಪತ್ತು.
ಉಳಿದದ್ದು ನಲವತ್ತು ಡಾಲರು.

ಎರಡು ಸಲ ಕೂಡಿದಳು. ನಲವತ್ತೇ.

ಮನೆ ಕಟ್ಟಿ ನೋಡು ಅಂದ ಹಿರಿಯರು
ಕೊಂಡು ನೋಡು ಅನ್ನಲಿಲ್ಲ;
ಬಾಡಿಗೆಗೆ ಕೊಟ್ಟು ನೋಡು ಎಂಬುದಂತೂ
ಅವರ ಬಾಯಿಗೇ ಬಂದಿರಲಿಕ್ಕಿಲ್ಲ.

"ಮೇಲಿನ ಹೆಂಗಸು ಹನ್ನೊಂದು ವರ್ಷದಿಂದ ಅದೇ ಬಾಡಿಗೆ,"
ಡ್ವೇನ್ ದನಿ ತಗ್ಗಿಸಿದ. "ಈಗಿನ ದರ ಒಂಬೈನೂರು.
ನಿಮ್ಮ ಲಾಭ ಅಲ್ಲಿ ಮಲಗಿದೆ."

ಮೇಲೆ ವಿದಾದ್ ಸಬಾ ಬಾಗಿಲು ತೆರೆದಳು,
ಕೈಯೆಲ್ಲ ಹೆಚ್ಚಿದ ಸೊಪ್ಪಿನ ಹಸಿರು.
ಯಾರೂ ಏನೂ ಕೇಳುವ ಮುಂಚೆಯೇ
ಉಗ್ರಾಣದ ಬಾಗಿಲ ಒಳಬದಿ ತೋರಿಸಿದಳು:
ರಟ್ಟಿನ ಮೇಲೆ, ಅರಬಿ ಬರಹದಲ್ಲಿ, ಇಡೀ ಮನೆಯ ಜಾತಕ.
ಬೆರಳಿಟ್ಟು ಓದಿ ಹೇಳಿದಳು,
ಹೀಟರು ಕೆಟ್ಟದ್ದು ಯಾವ ಜನವರಿ,
ಸೀಸದ ಕೊಳವೆ ಕಿತ್ತವರು ಯಾರು, ಎಷ್ಟಕ್ಕೆ,
ಮಾಡಿನ ಯಾವ ಮೂಲೆ ಯಾವ ಗಾಳಿಗೆ ಸೋರಿತು.
"ಮಾರ್ಚಿನಲ್ಲಿ ಹಿಮ ಕರಗಿದಾಗ
ನೆಲಮಾಳಿಗೆಗೆ ನೀರು ಬರುತ್ತೆ. ಇಷ್ಟು."
ಬಗ್ಗಿ ತನ್ನ ಮೀನಖಂಡ ಮುಟ್ಟಿದಳು.
ಡ್ವೇನ್ ಕೆಮ್ಮಿದ.

ಇದನ್ನು ಯಾವ ಸಾಲಿನಲ್ಲಿ ಬರೆಯುವುದು?
ಪೆನ್ಸಿಲು ಹಾಳೆಯ ಮೇಲೆ ಅತ್ತಿತ್ತ ಆಡಿತು.
ನೀರು ಖರ್ಚಿನ ಕಡೆಗೆ, ಸರಿ.
ನೀರಿನ ಸುದ್ದಿ ಹೇಳಿದ ಬಾಯಿ?
ಹಿಡಿದಿಟ್ಟುಕೊಳ್ಳಿ ಅನ್ನುತ್ತಾರೆ.
ಇಷ್ಟು ದಿನ ಹಿಡಿದುಕೊಂಡಿದ್ದು ಯಾರು ಮತ್ತೆ?

"ನೀನು ಕೊಂಡರೆ ನನ್ನ ಬಾಡಿಗೆ ಎಷ್ಟು ಮಾಡ್ತೀಯ?"
ವಿದಾದ್ ನೇರ ಕೇಳಿದಳು.
ವರ್ನಾಗೆ ಒಂಬೈನೂರು ನೆನಪಾಯಿತು,
ನಲವತ್ತೂ ನೆನಪಾಯಿತು.
"ಗೊತ್ತಿಲ್ಲ," ಅಂದಳು. "ಲೆಕ್ಕ ಇನ್ನೂ ಮುಗಿದಿಲ್ಲ."
ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಬೀದಿಗಿಳಿದ ಮೇಲೆ ಡ್ವೇನನಿಗೆ ಹೇಳಿದಳು:
ಮಾರ್ಚಿಗೆ ಬರುತ್ತೇನೆ, ರಬ್ಬರು ಬೂಟು ಹಾಕಿಕೊಂಡು.
"ಅಷ್ಟರಲ್ಲಿ ಬೇರೆಯವರು ಕೊಳ್ತಾರೆ."
"ಕೊಳ್ಳಲಿ."

ಕಾರು ಹತ್ತಿ ಜೇಬು ತಡಕಿದಳು.
ಗೋಲಿ ಒಲೆಯಡಿಯೇ ಉಳಿದಿತ್ತು.