ಟವೆಲ್ಲಿನಡಿ

ಶಾಂತಿಗ್ರಾಮದ ಹೈಸ್ಕೂಲು, ಒಂಬತ್ತನೇ ಕ್ಲಾಸು.
ಹಸಿ ಆಲೂಗಡ್ಡೆ ಹೋಳಿನ ಮೇಲೆ ಪೆರಾಕ್ಸೈಡು ನಾಲ್ಕು ಹನಿ.
ಬುಸುಬುಸು ನೊರೆ. ಹಿಂದಿನ ಬೆಂಚಿನ ನಫೀಸಾ ಎದ್ದೇ ನಿಂತಳು:
ಒಳಗೆ ಯಾರಿದ್ದಾರೆ ಮಿಸ್?

ಕಿಣ್ವ, ಅಂದೆ. ಕಂಡದ್ದು ಮಾತ್ರ ಹಾಸನದ ಮಂಡಿ,
ಅಪ್ಪನ ಹೆಗಲಿನ ಚೌಕಳಿ ಟವೆಲ್ಲು.
ಮಾರುವವನ ಕೈ, ಕೊಳ್ಳುವವನ ಕೈ
ಅದರಡಿಗೆ ಎಳೆದುಕೊಂಡರೆ ಬೆರಳಿಗೆ ಬೆರಳೇ ಮಾತು.
ಅವರ ಹಿಡಿತಕ್ಕೆ ತಕ್ಕಂತೆ ಅಪ್ಪನ ಅಂಗೈ ತುಸು ಬಾಗುವುದು,
ಆ ಬಾಗಿಗೆ ಅವರ ಬಿಗಿಯೂ ಸಡಿಲುವುದು.
ಸಂಜೆಗೂ ಮುಗಿಯದ ವ್ಯಾಪಾರ ಬೀಡಿ ಆರುವುದರೊಳಗೆ ಕುದುರುವುದು.
ದರ ಅವನದಲ್ಲ. ಏರಿಸಿದವನಲ್ಲ, ಇಳಿಸಿದವನಲ್ಲ,
ನಡುವಿನ ದಿಬ್ಬವನ್ನಷ್ಟೇ ತಗ್ಗಿಸಿದವನು.
ಟವೆಲ್ಲು ಕೊಡವಿದರೆ ಬರೀ ಮಣ್ಣು;
ಅದೇ ಕೈ ಮುಂದಿನ ಗಾಡಿಗೆ.
ಮೂಟೆಗೆ ಇಷ್ಟು ಅಂತ ದಲ್ಲಾಳಿ ತಗೋತಿದ್ದ, ನಿಜ.
ಆಲೂಗಡ್ಡೆಯೊಳಗಿನವರು ಅದನ್ನೂ ಕೇಳುವುದಿಲ್ಲ.

ಆಮೇಲೆ ಬೇಯಿಸಿದ ಹೋಳು. ನಾಲ್ಕು ಹನಿ, ಎಂಟು ಹನಿ.
ಸುಮ್ಮನೆ ಒದ್ದೆಯಾಯಿತು.

ಲಕ್ವ ಹೊಡೆದ ವರ್ಷ ಅಪ್ಪನನ್ನು ಮಂಡಿಗೆ ಕರೆದೊಯ್ದಿದ್ದೆ.
ಅದೇ ಕೈ, ಅದೇ ಐದು ಬೆರಳು.
ಯಾರೋ ಹಳಬರು ಟವೆಲ್ಲು ಹೊದಿಸಿ ಬೆರಳು ಚಾಚಿದರು,
ಕಾದರು,
ಕೈ ತೆಗೆದುಕೊಂಡರು.

ಯಾಕೆ ಮಿಸ್, ಇದರಲ್ಲಿ ಇಲ್ವಾ ಅವರು?
ಇದ್ದಾರೆ, ಅಂದೆ. ಮಡಿಕೆ ಬಿಚ್ಚಿಹೋಗಿದೆ.