ಮೊಣಕೈ ಮಟ್ಟ

ಅಡುಗೆಮನೆ ಒಡೆದು ಕಟ್ಟಿಸುವುದೆಂದು
ಯುಗಾದಿಗೆ ತೀರ್ಮಾನವಾಗಿ
ದೀಪಾವಳಿಗೆ ಮೊದಲ ಕಂಟ್ರಾಕ್ಟರು ಬಂದ.
ಕಲ್ಲಹಳ್ಳಿಯ ನಮ್ಮ ಅಡ್ಡರಸ್ತೆಯಲ್ಲಿ
ಅವನ ಕಾರು ತಿರುಗಲಾರದೆ
ಎದುರುಮನೆಯವರು ಸ್ಕೂಟರು ಸರಿಸಿಕೊಟ್ಟರು.

ಮಹಾಲಿಂಗು. ಕೈಯಲ್ಲಿ ಟ್ಯಾಬು.
ಬೆರಳಾಡಿಸಿದರೆ ನಮ್ಮನೆ ನಮ್ಮದಲ್ಲದಂತೆ ಹೊಳೆಯಿತು:
ಬಿಳೀ ಕಪಾಟು, ಗಾಜಿನ ಬಾಗಿಲು,
ಸಿಂಕಿನ ಪಕ್ಕ
ಎಂದೂ ಒಗ್ಗರಣೆ ಸಿಡಿಸಿಕೊಂಡಿರದ ಒಬ್ಬ ತೆಳ್ಳನೆ ಹೆಂಗಸು.
‘ಇವರು ಯಾರು?’ ಅಂದೆ.
‘ಅವರು ಸಾಫ್ಟ್‌ವೇರಲ್ಲೇ ಬರ್ತಾರೆ ಮೇಡಂ.’
ಸಾರಿನ ಹಬೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದಕ್ಕೆ
ಚಿಮಣಿಯ ಬೆಲೆ ಹೇಳಿದ.

ಆಮೇಲೆ ಸೂನಗಹಳ್ಳಿಯ ಚಿಕ್ಕಬೋರಯ್ಯ.
ಬೆರಳ ಗೆಣ್ಣಿನಿಂದ ಗೋಡೆ ಬಡಿದು ಬಡಿದು ಕಿವಿಯಿಟ್ಟು
ಡಾಕ್ಟರಂತೆ ಮುಖ ಸಣ್ಣ ಮಾಡಿ
‘ಯಾವನು ಕಟ್ಟಿದ್ದು ಇದನ್ನ?’ ಎಂದ.
ಕಟ್ಟಿದ್ದು ಅವನ ಸೋದರಮಾವನೇ ಎಂದು ತಿಳಿದ ಮೇಲೆ
‘ಆ ಕಾಲಕ್ಕೆ ಒಳ್ಳೇ ಕೆಲ್ಸನೇ ಬುಡಿ’ ಎಂದ.

ನನ್ನ ಯಜಮಾನರು ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ
ಮೂವತ್ತೊಂದು ವರ್ಷ ಕಬ್ಬಿನ ಗಾಡಿ ತೂಗಿದವರು.
ತುಂಬಿದಾಗ ಒಂದು ತೂಕ, ಇಳಿಸಿದಾಗ ಒಂದು ತೂಕ,
ನಡುವಿನದ್ದೇ ನಿಜ ಎಂದು ನಂಬಿದವರು.
ಹಳೇ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು
ಸಿಮೆಂಟು, ಎಂ-ಸ್ಯಾಂಡು, ಕೂಲಿ, ಟೈಲು,
ಹೇಳಿದ್ದು, ಬಿಟ್ಟದ್ದು, ಈಗ ಬಿಟ್ಟು ಆಮೇಲೆ ಹೇಳಬಹುದಾದ್ದು,
ಎಲ್ಲ ಕಳೆದು ಕೂಡಿ ಹನ್ನೊಂದು ಗಂಟೆಗೆ
‘ಚಿಕ್ಕಬೋರಯ್ಯ ಹದಿನೆಂಟು ಸಾವಿರ ವಾಸಿ’ ಎಂದರು.

ಆ ಮಣೆಯನ್ನು ಇಬ್ಬರೂ ದಾಟಿಹೋಗಿದ್ದರು.
ಒಬ್ಬ ಬೂಟುಗಾಲಲ್ಲಿ ಸರಿಸಿ,
ಒಬ್ಬ ಅದರ ಮೇಲೇ ಟೇಪಿನ ತುದಿ ಊರಿ.

ಒಲೆಯ ಕಟ್ಟೆಯ ಬುಡದಲ್ಲಿ ಹಲಸಿನ ಮಣೆ.
ನಮ್ಮತ್ತೆ ದೊಡ್ಡತಾಯಮ್ಮ
ಬಾಗಿಲಿಗೆ ತಲೆ ತಗ್ಗಿಸಿ ಒಳಬರುತ್ತಿದ್ದ ಆಳು;
ಕಟ್ಟೆ ಅವರ ಎತ್ತರಕ್ಕೆ ಎದ್ದಿತ್ತು.
ನಾನು ನಾಲ್ಕಡಿ ಎಂಟಿಂಚು.
ಅರಿಶಿನ ಹಚ್ಚಿಸಿಕೊಂಡು ಕೂತ ಮಣೆಯನ್ನೇ
ಮದುವೆಯ ಮೂರನೇ ದಿನ ಯಾರೋ ತಂದು ಇಲ್ಲಿ ಹಾಕಿದರು.
ಕೂತದ್ದು ಒಂದು ಗಳಿಗೆ.
ನಿಂತದ್ದು ಇಪ್ಪತ್ತೇಳು ವರ್ಷ.
ಹಿಮ್ಮಡಿಯ ಅಳತೆಗೆ ಎರಡು ತಗ್ಗು ಬಿದ್ದಿವೆ.

ಮೂರನೆಯವನು ಹೇಳಿದ ಹೊತ್ತಿಗೆ ಬರಲಿಲ್ಲ.
ಬಂದಾಗ ಹುಬ್ಬಿನ ಮೇಲೆಲ್ಲ ಸಿಮೆಂಟಿನ ಧೂಳು.
ಕೆರಗೋಡಿನ ಇಮ್ತಿಯಾಜ್,
ಅವರಪ್ಪನ ರಸಮಟ್ಟವನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ.
ಲೆಕ್ಕ ಬಾಯಲ್ಲೇ. ರಸೀದಿ ಇಲ್ಲ.
ಹಿಂದೆ ಮಾಡಿದ ಮನೆ ತೋರಿಸಪ್ಪ ಅಂದರೆ
ಒಂದರಲ್ಲಿ ಬಚ್ಚಲ ನೀರು ಹಿಂದಕ್ಕೇ ಬರುತ್ತದೆಂದು
ತಾನೇ ಹೇಳಿದ.
ಯಜಮಾನರು ನನ್ನ ಮುಖ ನೋಡಿದರು.
ಅವನು ನೆಲ ನೋಡುತ್ತಿದ್ದ.
‘ಅದ್ಯಾಕಕ್ಕ ಇಲ್ಲಿ ಮಣೆ?’

ಹೇಳಲು ಬಾಯಿ ಬರಲಿಲ್ಲ. ಎಡವೀಯ, ಸರಿಸು ಅಂದೆ.
‘ವಸಿ ಇತ್ತ ಬನ್ನಿ. ನೆಲದ ಮ್ಯಾಲೆ ನೆಟ್ಟಗೆ ನಿಂತ್ಕಳಿ. ಕೈ ಮಡಚಿ.’
ಕಿವಿಯ ಸಂದಿಯ ಪೆನ್ಸಿಲು ತೆಗೆದು
ನನ್ನ ಮೊಣಕೈಗೆ ನಾಲ್ಕು ಬೆರಳು ಕೆಳಗೆ
ಗೋಡೆಯ ಎಣ್ಣೆಜಿಡ್ಡಿನ ಮೇಲೆ ಗೆರೆ ಎಳೆದ.
ರವಿಕೆಯ ದರ್ಜಿಯನ್ನು ಬಿಟ್ಟರೆ
ಈ ಊರಲ್ಲಿ ನನ್ನ ಅಳತೆ ತಕ್ಕೊಂಡವರಿಲ್ಲ.

‘ಇವನೇ ಇರಲಿ’ ಅಂದೆ.
‘ಮೂವತ್ತು ಸಾವಿರ ಜಾಸ್ತಿ ಕಣೇ.’
‘ಇವನೇ.’

ಅಡ್ವಾನ್ಸು ತಕ್ಕೊಂಡು ಹೋಗಿ ಒಂಬತ್ತು ದಿನ.
ಫೋನು ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ.
ಯಜಮಾನರು ಏನೂ ಅನ್ನುವುದಿಲ್ಲ.
ಕ್ಯಾಲೆಂಡರನ್ನು ಮಾತ್ರ ಮಡಚದೆ
ನನಗೆ ಕಾಣುವಂತೆ ಮೇಜಿನ ಮೇಲೆ ಬಿಟ್ಟಿದ್ದಾರೆ.

ಬರುತ್ತಾನೆ.
ಬರದಿದ್ದರೆ ಚಿಕ್ಕಬೋರಯ್ಯನಿಗೇ ಹೇಳೋಣ,
ಆದರೆ ಈ ಗೆರೆಯ ಮಟ್ಟಕ್ಕೆ.
ರಾತ್ರಿ ಪಾತ್ರೆ ತೊಳೆದು ಗೋಡೆ ಒರೆಸುವಾಗ
ಅಲ್ಲಿಗೆ ಬಂದರೆ ಬಟ್ಟೆ ಎತ್ತಿ ಆಚೆಗಿಡುತ್ತೇನೆ,
ಮಲಗಿದ ಮಗುವಿನ ಸುತ್ತ ಕಸ ಗುಡಿಸಿದ ಹಾಗೆ.

ಮಣೆ ಇನ್ನೂ ಎತ್ತಿಟ್ಟಿಲ್ಲ.
ಬೆಳಿಗ್ಗೆ ಮುದ್ದೆಗೆ ಎಸರಿಡಬೇಕಲ್ಲ.